ಹ್ಯಾಂಡಲ್ ಬದಲಾಯಿಸಿದ ಮೇಲೆ ಡರ್ಟ್ ಬೈಕ್ ಮೀಟರ್ ಕೈಕೊಟ್ಟರೆ: ದೋಷ ಹುಡುಕುವ ಬಗೆ

ಹೊಸ ಹ್ಯಾಂಡಲ್‌ಬಾರ್ ಕೂತಾಯಿತು. ಲಿವರ್, ಗ್ರಿಪ್, ಸ್ವಿಚ್ಚು ಎಲ್ಲ ಅದರದರ ಜಾಗಕ್ಕೆ ಬಂದವು. ಮೀಟರ್‌ನದ್ದು ಮಾತ್ರ ತಕರಾರು. ಮುಳ್ಳು ನಡುಗುತ್ತದೆ, ಇಲ್ಲವೇ ಸ್ಕ್ರೀನ್ ಆರಿ ಹತ್ತಿ ಮಾಡುತ್ತದೆ. ಓಡುವಾಗ ವೇಗ ಸೊನ್ನೆ, ನಿಂತಾಗ 40. ಕೆಲವು ಸಲ ಮೀಟರ್ ಕೂರಿಸಲು ಜಾಗವೇ ಸಿಗುವುದಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯುವುದು ಮೀಟರನ್ನೇ. ಆದರೆ ಹ್ಯಾಂಡಲ್ ಬಿಚ್ಚುವ ತನಕ ಸರಿಯಿದ್ದ ಮೀಟರ್, ಹೊಸ ಹ್ಯಾಂಡಲ್ ಹಾಕಿದ ಕೂಡಲೇ ತಾನಾಗಿ ಕೆಡುವುದು ಅಪರೂಪ. ತೊಂದರೆ ಇರುವುದು ನಾವು ಕೈ ಹಾಕಿದ ಕಡೆಯೇ: ಬ್ರಾಕೆಟ್, ರಬ್ಬರ್, ಕೇಬಲ್ ಹೋಗುವ ದಾರಿ, ಕನೆಕ್ಟರ್, ಅರ್ಥ್ (ಕರೆಂಟ್ ಬ್ಯಾಟರಿಗೆ ಹಿಂತಿರುಗುವ ದಾರಿ). ಹಾಗಾಗಿ ಮೀಟರ್ ಮೇಲಿನ ಅನುಮಾನ ಕಡೆಗಿರಲಿ. ಮೊದಲು ಕೂರಿಸಿದ ರೀತಿ, ಆಮೇಲೆ ವೈರು, ಆಮೇಲೆ ಚಕ್ರದ ವೇಗ ಅಳೆಯುವ ಸೆನ್ಸರ್, ಕಟ್ಟಕಡೆಗೆ ಮೀಟರ್.

ಬಿಚ್ಚಬೇಡಿ, ಮೊದಲು ಅಲ್ಲಾಡಿಸಿ ನೋಡಿ

ಡರ್ಟ್ ಬೈಕ್ ಮೀಟರ್ ಗ್ಯಾರೇಜಿನಲ್ಲಿ ನಿಂತಾಗ ಚೆನ್ನಾಗಿಯೇ ಇರುತ್ತದೆ. ತಪ್ಪು ಗೊತ್ತಾಗುವುದು ಓಡುವಾಗ. ಓಡುವಾಗ ಮೂರು ಸಂಗತಿ ಒಟ್ಟಿಗೇ ನಡೆಯುತ್ತವೆ: ಹ್ಯಾಂಡಲ್ ತಿರುಗುತ್ತದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮೇಲೆ ಕೆಳಗೆ ಆಡುತ್ತದೆ, ಎಂಜಿನ್ ನಡುಗುತ್ತದೆ. ಈ ಮೂರನ್ನೂ ಒಂದೊಂದಾಗಿ ಗ್ಯಾರೇಜಿನಲ್ಲೇ ಮಾಡಿ ನೋಡಿದರೆ ಅರ್ಧ ದೋಷ ಸ್ಪ್ಯಾನರ್ ಮುಟ್ಟದೆಯೇ ಸಿಕ್ಕಿಬಿಡುತ್ತದೆ.

ಬೈಕನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಟ್ಟಿರಲಿ. ಗಾಳಿಯಾಡುವ ಜಾಗದಲ್ಲಿ ಎಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಬಿಡಿ. ಈಗ ಹ್ಯಾಂಡಲನ್ನು ಎಡಗಡೆ ಕೊನೆಯಿಂದ ಬಲಗಡೆ ಕೊನೆವರೆಗೆ ನಿಧಾನವಾಗಿ ತಿರುಗಿಸಿ. ಕಣ್ಣು ಮೀಟರ್ ಮೇಲೆ, ಕಿವಿ ಎಂಜಿನ್ ಮೇಲೆ.

ತಿರುಗಿಸುವಾಗ ಸ್ಕ್ರೀನ್ ಆರಿದರೆ ಮೀಟರ್‌ಗೆ ಹೋಗುವ ವೈರು ಎಲ್ಲೋ ಬಿಗಿಯಾಗಿದೆ ಅಥವಾ ಕನೆಕ್ಟರ್ ಅರ್ಧ ಮಾತ್ರ ಕೂತಿದೆ. ಎಂಜಿನ್ನೇ ಆಫ್ ಆದರೆ ಕಿಲ್ ಸ್ವಿಚ್ (ಎಂಜಿನ್ ಆರಿಸುವ ಬಟನ್) ವೈರು ಯಾವುದೋ ಲೋಹಕ್ಕೆ ತಾಗುತ್ತಿದೆ, ಕ್ಲಾಂಪಿನ ಕೆಳಗೆ ಸಿಕ್ಕಿ ಕವಚ ಒಡೆದಿರುವ ಸಾಧ್ಯತೆ ಜಾಸ್ತಿ. ಐಡಲ್ ತಾನಾಗಿ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ. ಈ ಕೊನೆಯದಕ್ಕೂ ಮೀಟರ್‌ಗೂ ಸಂಬಂಧ ಇಲ್ಲ, ನಿಜ. ಆದರೆ ಅದು ಸರಿಯಾಗುವ ತನಕ ಬೈಕ್ ಓಡಿಸಬೇಡಿ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಆಕ್ಸಿಲರೇಟರ್ ತಾನಾಗಿ ಏರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕೊನೆಗೆ ಬಂದಾಗ ಟಕ್ ಅಂತ ಸದ್ದು ಬಂದರೆ ಮೀಟರ್ ಬ್ರಾಕೆಟ್ ಏನಕ್ಕೋ ಬಡಿಯುತ್ತಿದೆ. ಹೆಡ್‌ಲೈಟ್ ಮಾಸ್ಕ್, ನಂಬರ್ ಪ್ಲೇಟ್, ಪೆಟ್ರೋಲ್ ಟ್ಯಾಂಕಿನ ಮೂತಿ ಇವೇ ಸಾಮಾನ್ಯ ಜಾಗಗಳು. ಒಂದು ಮಾತು ನೆನಪಿರಲಿ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಮೊದಲು ತಾಗಬೇಕಾದದ್ದು ಫ್ರೇಮಿನ ಸ್ಟಾಪರ್. ಅದಕ್ಕಿಂತ ಮುಂಚೆ ಬ್ರಾಕೆಟ್ ತಾಗಿದರೆ ಬೈಕ್ ಬಿದ್ದಾಗಿನ ಪೆಟ್ಟೆಲ್ಲ ಮೀಟರ್ ಮೇಲೆಯೇ ಬೀಳುತ್ತದೆ.

ಎರಡನೆಯದು ಫೋರ್ಕ್. ಎಂಜಿನ್ ಆರಿಸಿ ಬೈಕನ್ನು ಕೆಳಗಿಳಿಸಿ. ಮುಂದಿನ ಬ್ರೇಕ್ ಹಿಡಿದು ಮೈಭಾರ ಹಾಕಿ ಒತ್ತಿ. ದೊಡ್ಡ ಮೋಟೋಕ್ರಾಸ್ ಬೈಕಿನ ಮುಂದಿನ ಫೋರ್ಕ್ ಸುಮಾರು 300 ಮಿ.ಮೀ. ಆಡುತ್ತದೆ. ರಸ್ತೆ ಬೈಕಿನವರಿಗೆ ಇದರ ಅಂದಾಜು ಇರುವುದಿಲ್ಲ. ಬ್ರೇಕ್ ಹೋಸ್ ಮತ್ತು ಅದರ ಜೊತೆ ಕಟ್ಟಿದ ಸೆನ್ಸರ್ ವೈರು ಅಷ್ಟೂ ದೂರ ಮೇಲೆ ಬಂದು ಕೆಳಗೆ ಹೋಗಬೇಕು. ಒತ್ತಿದಾಗ ಹೋಸ್ ಬಾಗಿ ಮೀಟರಿನ ತಳಕ್ಕೆ ಗುದ್ದುತ್ತದೆಯಾ ನೋಡಿ. ಚಕ್ರ ಮೇಲೆತ್ತಿ ಫೋರ್ಕ್ ಪೂರ್ತಿ ಚಾಚಿದಾಗ ವೈರು ತಂತಿಯಂತೆ ಬಿಗಿಯಾಗುತ್ತದೆಯಾ, ಅದನ್ನೂ ನೋಡಿ. ಹ್ಯಾಂಡಲ್ ನೇರ ಇದ್ದಾಗ ಒಮ್ಮೆ, ಎರಡೂ ಕಡೆ ಪೂರ್ತಿ ತಿರುಗಿಸಿ ಒಮ್ಮೆ.

ಮೂರನೆಯದು ನಡುಕ. ಸ್ಕ್ರೂಡ್ರೈವರ್ ಹಿಡಿಯಿಂದ ಬ್ರಾಕೆಟ್, ಕನೆಕ್ಟರ್, ಮೀಟರಿನ ಅಂಚು ಒಂದೊಂದನ್ನೇ ಮೆಲ್ಲಗೆ ತಟ್ಟಿ. ಎಲ್ಲಿ ತಟ್ಟಿದಾಗ ಸ್ಕ್ರೀನ್ ಮಿನುಗುತ್ತದೋ ದೋಷ ಅಲ್ಲೇ ಹತ್ತಿರದಲ್ಲಿದೆ.

ಹಳೆ ಕ್ಲಾಂಪು, ಹೊಸ ದಪ್ಪ

ಮೀಟರ್ ಜಾರುವುದು, ತಿರುಗಿಕೊಳ್ಳುವುದು, ಎಷ್ಟು ಟೈಟ್ ಮಾಡಿದರೂ ನಿಲ್ಲದಿರುವುದು ಇವಕ್ಕೆಲ್ಲ ಸಾಮಾನ್ಯ ಕಾರಣ ಹ್ಯಾಂಡಲಿನ ದಪ್ಪ. ಹಳೆ ಮಾದರಿಯ ಹ್ಯಾಂಡಲ್ ಉದ್ದಕ್ಕೂ 22.2 ಮಿ.ಮೀ. ಇರುತ್ತದೆ, ನಡುವೆ ಒಂದು ಅಡ್ಡಪಟ್ಟಿ. ಎಷ್ಟೋ ಜನ ಅವರ್ ಮೀಟರ್ (ಎಂಜಿನ್ ಓಡಿದ ಗಂಟೆ ಎಣಿಸುವುದು), ಟ್ರಿಪ್ ಮೀಟರ್ ಕಟ್ಟಿಕೊಳ್ಳುವುದು ಆ ಅಡ್ಡಪಟ್ಟಿಗೇ. ಹೊಸ ದಪ್ಪ ಹ್ಯಾಂಡಲುಗಳು ಕ್ಲಾಂಪ್ ಹಿಡಿಯುವ ನಡುಭಾಗದಲ್ಲಿ 28.6 ಮಿ.ಮೀ. ಇದ್ದು ಗ್ರಿಪ್ ಹತ್ತಿರ ಮತ್ತೆ 22.2ಕ್ಕೆ ಇಳಿಯುತ್ತವೆ. ಇವುಗಳಲ್ಲಿ ಸಾಮಾನ್ಯವಾಗಿ ಅಡ್ಡಪಟ್ಟಿ ಇರುವುದಿಲ್ಲ. ಅಂದರೆ ಮೀಟರ್ ಇದ್ದ ಜಾಗವೇ ಹೋಯಿತು.

ಇಲ್ಲಿ ಜನ ಮಾಡುವ ಕೆಲಸ ಎರಡು. ಹಳೆ ಚಿಕ್ಕ ಕ್ಲಾಂಪನ್ನು ಅಗಲಿಸಿ ದಪ್ಪ ಭಾಗಕ್ಕೆ ತುರುಕುವುದು ಒಂದು. ಅದು ಎರಡು ಅಂಚಿನಲ್ಲಿ ಮಾತ್ರ ಕಚ್ಚಿಕೊಂಡು, ಅಲ್ಯೂಮಿನಿಯಂ ಮೇಲೆ ಗೀರು ಹಾಕುತ್ತದೆ. ಅಲ್ಯೂಮಿನಿಯಂ ಹ್ಯಾಂಡಲಿಗೆ ಆಳವಾದ ಗೀರು ಅಂದರೆ ಬಿರುಕು ಶುರುವಾಗುವ ಜಾಗ. ಇನ್ನೊಂದು, ಹ್ಯಾಂಡಲ್ ಸಪೂರವಾಗುತ್ತಾ ಹೋಗುವ ಇಳಿಜಾರಿನಲ್ಲಿ ಕ್ಲಾಂಪ್ ಹಾಕುವುದು. ಅಲ್ಲಿ ಕ್ಲಾಂಪ್ ಯಾವತ್ತೂ ಪೂರ್ತಿ ಹಿಡಿಯಲ್ಲ. ಪ್ರತಿ ನೆಗೆತಕ್ಕೂ ಸಪೂರ ಇರುವ ಕಡೆಗೆ ಒಂಚೂರು ಸರಿಯುತ್ತದೆ, ಸರಿದಷ್ಟೂ ಸಡಿಲ. ಓಡಿಸಿ ಬಂದಾಗ ಮೀಟರ್ ಮೊದಲಿಗಿಂತ ಗ್ರಿಪ್ ಕಡೆಗೆ ಇದ್ದರೆ ಇದೇ ಕಾರಣ. ಬೋಲ್ಟು ಇನ್ನೂ ಬಿಗಿ ಮಾಡಿ ಪ್ರಯೋಜನ ಇಲ್ಲ.

ಹಾಗಾದರೆ ಎಲ್ಲಿ ಕೂರಿಸುವುದು? ನನ್ನ ಪ್ರಕಾರ ಒಳ್ಳೆಯ ಜಾಗ ಹ್ಯಾಂಡಲ್ ಕ್ಲಾಂಪಿನ ಬೋಲ್ಟಿನಿಂದ ಹೊರಟ ಒಂದು ಲೋಹದ ಬ್ರಾಕೆಟ್, ಅಥವಾ ಫೋರ್ಕಿನ ಎರಡು ಕೊಳವೆಗಳನ್ನು ಮೇಲೆ ಹಿಡಿದಿರುವ ಟ್ರಿಪಲ್ ಕ್ಲಾಂಪಿಗೆ ಹಿಡಿಸಿದ ಬ್ರಾಕೆಟ್. ಎರಡರಲ್ಲೂ ಮೀಟರ್ ಹ್ಯಾಂಡಲಿನ ಮುಂದೆ, ಅದರ ಮೇಲಿನ ಅಂಚಿಗಿಂತ ತುಸು ಕೆಳಗೆ ಬರಬೇಕು. ಸವಾರನ ಎದೆ ಕಡೆಗೆ ಚಾಚಿಕೊಂಡ ಮೀಟರ್ ನೋಡಲು ಚೆಂದ, ಬಿದ್ದಾಗ ಪಕ್ಕೆಲುಬಿಗೆ ಮೊದಲು ಸಿಗುವುದು ಅದೇ.

ಟ್ರಿಪಲ್ ಕ್ಲಾಂಪಿಗೆ ಹಿಡಿಸಿದರೆ ಇನ್ನೊಂದು ಲಾಭ ಇದೆ. ಮುಂದೆ ಹ್ಯಾಂಡಲನ್ನು ಹಿಂದೆ ಮುಂದೆ ಉರುಳಿಸಿ ಹೊಂದಿಸಿದರೂ ಮೀಟರ್ ತನ್ನ ಜಾಗದಲ್ಲೇ ಇರುತ್ತದೆ, ವೈರಿನ ಉದ್ದವೂ ಬದಲಾಗುವುದಿಲ್ಲ. ದಪ್ಪ ಹ್ಯಾಂಡಲಿಗೆ ಅಂತ ಎತ್ತರದ ಹೊಸ ಕ್ಲಾಂಪ್ ಹಾಕಿದ್ದರೆ ಮಾತ್ರ ಮೀಟರ್ ಹ್ಯಾಂಡಲಿನ ಕೆಳಗೆ ತೀರಾ ಹುದುಗಿ ಕಾಣದೇ ಹೋಗಬಹುದು. ಕೂತು ನೋಡಿದರೆ ಸಾಲದು, ಕಾಲಿಡುವ ಪೆಗ್ ಮೇಲೆ ಎದ್ದು ನಿಂತೂ ನೋಡಿ. ಡರ್ಟ್ ಬೈಕಿನಲ್ಲಿ ನಿಂತೇ ಓಡಿಸುವುದು ಜಾಸ್ತಿ.

ಕ್ಲಾಂಪ್ ಬೋಲ್ಟಿನ ಕೆಳಗೆ ಬ್ರಾಕೆಟ್ ಸೇರಿದಾಗ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಈ ಇಡೀ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಜಾಗ ಇದೇ. 3 ಮಿ.ಮೀ. ದಪ್ಪದ ಪಟ್ಟಿಯನ್ನು ಬೋಲ್ಟಿನ ತಲೆ ಕೆಳಗೆ ಇಟ್ಟರೆ ಬೋಲ್ಟು 3 ಮಿ.ಮೀ. ಕಡಿಮೆ ಒಳಗೆ ಹೋಗುತ್ತದೆ. ಮರೆ (ಥ್ರೆಡ್) ಕಟ್ಟಿರುವ ಭಾಗ ಅಲ್ಯೂಮಿನಿಯಂ ಆಗಿದ್ದರೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಮರೆ ಕಚ್ಚಿರಬೇಕು. ಎಂ8 ಬೋಲ್ಟಿಗೆ 12 ಮಿ.ಮೀ. ಅದಕ್ಕಿಂತ ಕಡಿಮೆ ಕಚ್ಚಿದರೆ ಮರೆ ಕಿತ್ತುಕೊಂಡು ಬರಬಹುದು. ಪಟ್ಟಿಯ ದಪ್ಪದಷ್ಟು ಉದ್ದ ಜಾಸ್ತಿ ಇರುವ, ಅದೇ ಗಟ್ಟಿತನದ ಬೋಲ್ಟು ಹಾಕಿ. ಗಟ್ಟಿತನದ ಗುರುತು 8.8, 10.9 ಅಂತ ತಲೆಯ ಮೇಲೆಯೇ ಅಚ್ಚಾಗಿರುತ್ತದೆ. ತೀರಾ ಉದ್ದದ್ದೂ ಬೇಡ. ತೂತಿಗೆ ತಳ ಇದ್ದರೆ ಬೋಲ್ಟು ತಳಕ್ಕೆ ಮುಟ್ಟಿ ಟೈಟ್ ಆದಂತೆ ಅನಿಸುತ್ತದೆ, ಹ್ಯಾಂಡಲ್ ಮಾತ್ರ ಸಡಿಲ ಉಳಿಯುತ್ತದೆ.

ಈ ಪಟ್ಟಿ ಮತ್ತು ಕ್ಲಾಂಪಿನ ನಡುವೆ ರಬ್ಬರ್, ಪ್ಲಾಸ್ಟಿಕ್ ಏನೂ ಇಡಬೇಡಿ. ನಡುಕ ತಡೆಯಲಿ ಅಂತ ಕೆಲವರು ಇಡುತ್ತಾರೆ. ರಬ್ಬರ್ ದಿನ ಕಳೆದಂತೆ ತೆಳುವಾಗಿ ಬೋಲ್ಟಿನ ಬಿಗಿ ಬಿಟ್ಟುಹೋಗುತ್ತದೆ. ರಬ್ಬರ್ ಬೇಕಾದದ್ದು ಬ್ರಾಕೆಟ್ ಮತ್ತು ಮೀಟರ್ ನಡುವೆ.

ಬಿಗಿ ಎಷ್ಟು ಅನ್ನುವುದು ನಿಮ್ಮ ಬೈಕಿನ ಕೈಪಿಡಿಯಲ್ಲಿ ಇರುತ್ತದೆ. ಕೆಟಿಎಂ ಎಂಡ್ಯೂರೋ ಬೈಕುಗಳಲ್ಲಿ ಹ್ಯಾಂಡಲ್ ಕ್ಲಾಂಪಿನ ಎಂ8 ಬೋಲ್ಟಿಗೆ 20 ನ್ಯೂಟನ್ ಮೀಟರ್. ಬೇರೆ ಬೈಕಿಗೆ ಬೇರೆ ಇರಬಹುದು. ಟೈಟ್ ಮಾಡುವ ಕ್ರಮವನ್ನೂ ನೋಡಿಕೊಳ್ಳಿ. ಕೆಲವು ಕ್ಲಾಂಪುಗಳಲ್ಲಿ ಮುಂದಿನ ಬೋಲ್ಟನ್ನು ಮೊದಲು ಪೂರ್ತಿ ಬಿಗಿ ಮಾಡಿ, ಸಂದು ಹಿಂದೆ ಮಾತ್ರ ಉಳಿಯಬೇಕು. ಕೆಲವದರಲ್ಲಿ ಎರಡೂ ಕಡೆ ಸಮ ಸಂದು. ಸಂದು ಹೆಚ್ಚುಕಮ್ಮಿ ಆದರೆ ಎರಡು ಬೋಲ್ಟಿಗೂ ಹಿಡಿಸಿದ ಮೀಟರ್ ಬ್ರಾಕೆಟ್ ಸೆಟೆದುಕೊಂಡು ತಿರುಚುತ್ತದೆ. ಆ ತಿರುಚಿದ ಬ್ರಾಕೆಟ್ಟೇ ಕೆಲವು ವಾರಗಳಲ್ಲಿ ಬಾಗಿದ ಮೂಲೆಯಲ್ಲಿ ಸೀಳು ಬಿಡುತ್ತದೆ. ಬ್ರಾಕೆಟ್ ಪದೇ ಪದೇ ಒಂದೇ ಮೂಲೆಯಲ್ಲಿ ಮುರಿದರೆ ದಪ್ಪ ಬ್ರಾಕೆಟ್ ಹುಡುಕುವ ಮೊದಲು ಕ್ಲಾಂಪಿನ ಸಂದು ನೋಡಿ.

ರಬ್ಬರಿನ ಒಳಗಿನ ಬುಷ್

ಮೀಟರ್ ಹಿಡಿದಿರುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಒಳಗೆ ಒಂದು ಪುಟ್ಟ ಲೋಹದ ಕೊಳವೆ, ಬುಷ್, ಇರುತ್ತದೆ. ಹಳೆ ಬ್ರಾಕೆಟ್‌ನಿಂದ ಮೀಟರ್ ಬಿಚ್ಚಿದಾಗ ಕಳೆದುಹೋಗುವ ಮೊದಲ ವಸ್ತು ಅದೇ. ಬುಷ್ ಇದ್ದರೆ ಬೋಲ್ಟು ಅದರ ಮೇಲೆ ಬಿಗಿಯಾಗುತ್ತದೆ, ರಬ್ಬರ್ ಬೇಕಾದಷ್ಟೇ ಒತ್ತಿಕೊಂಡು ಮೆತ್ತಗಿರುತ್ತದೆ. ಬುಷ್ ಇಲ್ಲದಿದ್ದರೆ ಎರಡರಲ್ಲಿ ಒಂದು. ಬೋಲ್ಟು ಟೈಟ್ ಮಾಡಿದರೆ ರಬ್ಬರ್ ಚಪ್ಪಟೆಯಾಗಿ ನಡುಕವೆಲ್ಲ ಮೀಟರ್‌ಗೆ ಹೋಗುತ್ತದೆ. ಸಡಿಲ ಬಿಟ್ಟರೆ ಬೋಲ್ಟೇ ಕಳಚಿ ಬೀಳುತ್ತದೆ.

ಎಂಜಿನ್ ಒಂದು ವೇಗಕ್ಕೆ ಬಂದಾಗ ಮಾತ್ರ ಅಂಕಿ ಕಾಣದಷ್ಟು ನಡುಗಿ, ಅದನ್ನು ದಾಟಿದರೆ ಸರಿಯಾಗುವುದು ರಬ್ಬರ್ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಬೆರಳಿಂದ ಮೀಟರನ್ನು ಒತ್ತಿ ನೋಡಿ. ಒಂದೆರಡು ಮಿ.ಮೀ. ಅಲುಗಿ ಮತ್ತೆ ಜಾಗಕ್ಕೆ ಬರಬೇಕು. ಕಲ್ಲಿನ ಹಾಗೆ ಕೂತಿದ್ದರೂ ತಪ್ಪು, ಗಿಲಕಿಯ ಹಾಗೆ ಆಡಿದರೂ ತಪ್ಪು. ಬೋಲ್ಟಿಗೆ ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ. ಥ್ರೆಡ್ ಲಾಕ್ ದ್ರವವನ್ನು ಪ್ಲಾಸ್ಟಿಕ್ ಮೀಟರಿನ ಹತ್ತಿರ ಬಳಸದಿರುವುದೇ ಒಳ್ಳೆಯದು, ಕೆಲವು ಪ್ಲಾಸ್ಟಿಕ್‌ಗಳು ಅದು ತಾಗಿದರೆ ಬಿರುಕು ಬಿಡುತ್ತವೆ.

ಇನ್ನು ಮೀಟರಿನ ಗಾಜಿನೊಳಗೆ ಹಬೆ. ಅನೇಕ ಮೀಟರುಗಳ ಹಿಂದೆ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಹೊಸ ಬ್ರಾಕೆಟ್ ಅದನ್ನು ಮುಚ್ಚಿದ್ದರೆ, ಇಲ್ಲವೇ ಮೀಟರ್ ವಾಲಿ ಆ ತೂತು ಮೇಲ್ಮುಖ ಆಗಿದ್ದರೆ ಹಬೆ ನಿಲ್ಲುತ್ತದೆ. ಕೋನ ಸರಿ ಮಾಡಿದರೆ ಸಾಕು.

ಕೇಬಲ್ ಮೀಟರ್: ಮುಳ್ಳು ಏನು ಹೇಳುತ್ತದೆ

ಮುಂದಿನ ಚಕ್ರದಿಂದ ತಿರುಗುವ ಕೇಬಲ್ ಇರುವ ಮೀಟರ್ ಆಗಿದ್ದರೆ ಕೆಲಸ ಸುಲಭ. ಮುಳ್ಳು ನಡುಗುತ್ತಾ ಹೋದರೆ ಕೇಬಲ್ ಎಲ್ಲೋ ತೀರಾ ಮುರಿದಂತೆ ಬಾಗಿದೆ ಅಥವಾ ಒಳಗೆ ಒಣಗಿದೆ. ಎತ್ತರದ ಹ್ಯಾಂಡಲ್ ಹಾಕಿ ಮೀಟರನ್ನೂ ಜೊತೆಗೆ ಮೇಲೆತ್ತಿದ್ದರೆ ಕೇಬಲ್ ಉದ್ದ ಸಾಲದೆ ಮೀಟರಿನ ಬುಡದಲ್ಲಿ ಚೂಪಾಗಿ ಬಾಗುತ್ತದೆ. ತಗ್ಗಿನ ಹ್ಯಾಂಡಲ್ ಆದರೆ ಮಿಕ್ಕ ಕೇಬಲ್ ಮುಂದೆ ಉಬ್ಬಿ, ಹೆಡ್‌ಲೈಟ್ ಹಿಂದೆ ಮಡಚಿಕೊಳ್ಳುತ್ತದೆ. ಎರಡಕ್ಕೂ ಮದ್ದು ದಾರಿ ಬದಲಿಸುವುದು. ಕೇಬಲ್ ಫೋರ್ಕಿನ ಮೇಲಿನ ಗೈಡ್ ಮೂಲಕ, ಎಲ್ಲೂ ಬಿಗಿದುಕೊಳ್ಳದೆ, ದೊಡ್ಡ ಬಳುಕಿನಲ್ಲಿ ಹೋಗಬೇಕು.

ಒಂದು ಕಡೆ ಪೂರ್ತಿ ತಿರುಗಿಸಿದಾಗ ಮಾತ್ರ ಮುಳ್ಳು ಬಿದ್ದುಹೋದರೆ ಹೊರ ಕವಚ ಎಳೆದು ಒಳಗಿನ ತಂತಿಯ ಚೌಕ ತುದಿ ಜಾಗ ಬಿಡುತ್ತಿದೆ. ಮೀಟರ್ ಕಡೆಯ ನಟ್ಟು ಬಿಚ್ಚಿ, ಚಕ್ರ ತಿರುಗಿಸಿ. ಒಳ ತಂತಿ ತಿರುಗಿದರೆ ಕೆಳಗಿನ ಗೇರು ಸರಿ ಇದೆ. ತಿರುಗದಿದ್ದರೆ ತಂತಿ ತುಂಡಾಗಿದೆ, ಹಬ್ ಹತ್ತಿರ ಕೂತಿಲ್ಲ, ಇಲ್ಲವೇ ಆ ಗೇರೇ ಕೆಟ್ಟಿದೆ. ಗ್ರೀಸ್ ಹಾಕುವುದಾದರೆ ತೆಳ್ಳಗೆ, ಕೆಳಗಿನ ಭಾಗಕ್ಕೆ ಮಾತ್ರ. ಮೇಲಿನ ಒಂದು ಗೇಣು ಒಣಗಿಯೇ ಇರಲಿ. ಇಲ್ಲದಿದ್ದರೆ ಗ್ರೀಸ್ ತಿರುಗುತ್ತಾ ಮೇಲೇರಿ ಮೀಟರ್ ಒಳಗೆ ಹೋಗುತ್ತದೆ. ಆಗ ಮುಳ್ಳು ಏರಿದ್ದು ಇಳಿಯುವುದಿಲ್ಲ.

ಮೀಟರ್ ಸತ್ತಂತಿದ್ದರೆ

ಸ್ಕ್ರೀನ್ ಬರುವುದೇ ಇಲ್ಲ. ಮೊದಲು ಫ್ಯೂಸ್. ಹ್ಯಾಂಡಲ್ ಬಿಚ್ಚುವಾಗ ಬ್ಯಾಟರಿ ಕಳಚದೆ ಕೆಲಸ ಮಾಡಿದ್ದರೆ, ಯಾವುದೋ ಬಿಚ್ಚಿದ ವೈರು ಫ್ರೇಮಿಗೆ ತಾಗಿ ಫ್ಯೂಸ್ ಹೋಗಿರಬಹುದು. ಫ್ಯೂಸ್ ಸರಿಯಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಕೀ ಆನ್ ಮಾಡಿ ಮೀಟರಿನ ಕನೆಕ್ಟರ್ ಹತ್ತಿರ ಪವರ್ ವೈರು ಮತ್ತು ಅರ್ಥ್ ವೈರು ನಡುವೆ ವೋಲ್ಟ್ ನೋಡಿ. ತುಂಬಿದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಕನೆಕ್ಟರ್‌ನಲ್ಲಿ ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಜಾಸ್ತಿ ಕಡಿಮೆ ಇದ್ದರೆ ನಡುವೆ ಎಲ್ಲೋ ತುಕ್ಕು ಅಥವಾ ಸಡಿಲ ಜಂಟಿ ಇದೆ. ಇದನ್ನು ಮೀಟರ್ ಜೋಡಿಸಿದ ಹಾಗೆಯೇ, ಕನೆಕ್ಟರ್ ಹಿಂದಿನಿಂದ ತೆಳು ಪಿನ್ ತೂರಿಸಿ ಅಳೆಯಬೇಕು. ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಕೆಟ್ಟ ಜಂಟಿಯೂ ಪೂರ್ತಿ ವೋಲ್ಟ್ ತೋರಿಸಿ ಮೋಸ ಮಾಡುತ್ತದೆ.

ಈಗ ಅರ್ಥ್. ಹ್ಯಾಂಡಲ್ ಬದಲಾವಣೆಯಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಕೆಲವು ಬೈಕುಗಳಲ್ಲಿ ಸ್ವಿಚ್ಚು ಅಥವಾ ಮೀಟರ್ ದೀಪ ತನ್ನ ಅರ್ಥನ್ನು ಹ್ಯಾಂಡಲಿನ ಲೋಹದ ಮೂಲಕವೇ ಪಡೆಯುತ್ತದೆ, ಬೇರೆ ವೈರು ಇರುವುದಿಲ್ಲ. ಹಳೆಯ ಸ್ಟೀಲ್ ಹ್ಯಾಂಡಲಿನಲ್ಲಿ ಅದು ನಡೆಯುತ್ತಿತ್ತು. ಹೊಸದು ಬಣ್ಣದ ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಅನೋಡೈಸ್ ಪದರ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪೌಡರ್ ಕೋಟಿಂಗ್ ಆದರೂ ಅದೇ ಕಥೆ. ಮೇಲಾಗಿ ಹ್ಯಾಂಡಲ್ ಕ್ಲಾಂಪು ರಬ್ಬರ್ ಮೇಲೆ ಕೂತಿದ್ದರೆ ಫ್ರೇಮಿಗೂ ಹ್ಯಾಂಡಲಿಗೂ ಸಂಪರ್ಕವೇ ಇಲ್ಲ. ಪರಿಣಾಮ ಏನು? ಕಿಲ್ ಬಟನ್ ಒತ್ತಿದರೂ ಎಂಜಿನ್ ಆಫ್ ಆಗುವುದಿಲ್ಲ, ಹಾರ್ನ್ ಕೂಗುವುದಿಲ್ಲ, ಮೀಟರ್ ದೀಪ ಮಂಕು. ಮೂರೂ ಒಟ್ಟಿಗೆ ಕೆಟ್ಟಿದ್ದರೆ ಬೇರೆಲ್ಲೂ ಹುಡುಕಬೇಡಿ.

ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಕೀ ಆಫ್ ಮಾಡಿ, ಸ್ವಿಚ್ಚಿನ ಲೋಹ ಮತ್ತು ಎಂಜಿನ್ ನಡುವೆ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಹೊಸ ಹ್ಯಾಂಡಲಿನ ಬಣ್ಣ ಕೆರೆಯಲು ಹೋಗಬೇಡಿ. ಸ್ವಿಚ್ಚಿನಿಂದ ಫ್ರೇಮಿಗೆ ಒಂದು ಬೇರೆ ಅರ್ಥ್ ವೈರು ಎಳೆಯಿರಿ. ಒಂದು ವೈರು, ಎರಡು ಟರ್ಮಿನಲ್, ಮುಗೀತು.

ಕಿಲ್ ಸ್ವಿಚ್ಚಿನದೇ ಇನ್ನೊಂದು ಸಂಗತಿ. ಎಷ್ಟೋ ಸ್ವಿಚ್ಚುಗಳ ಒಳಗೆ ಒಂದು ಸಣ್ಣ ಮೊಳೆಯಂಥ ಪಿನ್ ಇರುತ್ತದೆ, ಹಳೆ ಹ್ಯಾಂಡಲಿನ ತೂತಿಗೆ ಸರಿಯಾಗಿ ಕೂರುವಂಥದ್ದು. ಹೊಸ ಹ್ಯಾಂಡಲಿಗೆ ಆ ತೂತು ಇಲ್ಲ. ಹಾಗೇ ಒತ್ತಿ ಸ್ಕ್ರೂ ಬಿಗಿ ಮಾಡಿದರೆ ಸ್ವಿಚ್ಚಿನ ಎರಡು ಹೋಳು ಕೂಡುವುದಿಲ್ಲ, ಕವಚ ಬಿರುಕು ಬಿಟ್ಟು ಒಳಗೆ ನೀರು ಹೋಗುತ್ತದೆ. ತೂತು ಕೊರೆಯುವವರೂ ಇದ್ದಾರೆ. ತೆಳು ಗೋಡೆಯ ಅಲ್ಯೂಮಿನಿಯಂ ಹ್ಯಾಂಡಲಿಗೆ ತೂತು ಕೊರೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಪಿನ್ ಅನ್ನೇ ಅರದಿಂದ ಉಜ್ಜಿ ತೆಗೆಯಿರಿ. ಸ್ವಿಚ್ಚು ತಿರುಗುತ್ತದೆ ಅನಿಸಿದರೆ ಒಳಗೆ ಒಂದು ಸುತ್ತು ತೆಳು ಟೇಪ್ ಸುತ್ತಿ.

ಸ್ಟಾರ್ಟರ್ ಬಟನ್ ಒತ್ತಿದರೆ ಏನೂ ಆಗದಿದ್ದರೆ ಕ್ಲಚ್ ಲಿವರಿನ ಸ್ವಿಚ್ ಕನೆಕ್ಟರ್ ನೋಡಿ. ಮರೆತು ಬಿಟ್ಟಿರುವುದೇ ಜಾಸ್ತಿ.

ಲೈಟಿನ ವೈರಿನಿಂದ ಮೀಟರಿಗೆ ಪವರ್ ಕೊಟ್ಟಿದ್ದೀರಾ? ಕೆಲವು ಡರ್ಟ್ ಬೈಕುಗಳಲ್ಲಿ ಹೆಡ್‌ಲೈಟಿಗೆ ಬರುವುದು ಎಸಿ ಕರೆಂಟ್, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸ್ಟೇಟರ್‌ನಿಂದ ನೇರವಾಗಿ; ಬ್ಯಾಟರಿಯದ್ದು ಡಿಸಿ. ಡಿಸಿಯಲ್ಲಿ ಮಾತ್ರ ನಡೆಯುವ ಮೀಟರ್ ಅದರ ಮೇಲೆ ಮಿನುಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಒಮ್ಮೆ ಅಳೆದು ನೋಡಿ ಆಮೇಲೆ ಜೋಡಿಸಿ. ನಾಣ್ಯದಂಥ ಬ್ಯಾಟರಿ ಇರುವ ಮೀಟರ್ ಆದರೆ ಅದರ ತಗಡಿನ ನಾಲಿಗೆ ನಡುಕಕ್ಕೆ ಸಡಿಲವಾಗಿರಬಹುದು, ಒಂಚೂರು ಮೇಲೆ ಬಗ್ಗಿಸಿ.

ಸ್ಕ್ರೀನ್ ಇದೆ, ವೇಗ ಮಾತ್ರ ಇಲ್ಲ

ಈಗ ಅನುಮಾನ ಸೆನ್ಸರ್ ಮೇಲೆ. ಹ್ಯಾಂಡಲ್ ಬದಲಾಯಿಸುವಾಗ ಸೆನ್ಸರ್ ಮುಟ್ಟಿಲ್ಲ ಅನ್ನುತ್ತೀರಿ, ಆದರೆ ಅದರ ವೈರು ಎಳೆದಿದ್ದೀರಿ. ಎಳೆದಾಗ ಫೋರ್ಕಿನ ಕೆಳಗಿನ ಬ್ರಾಕೆಟ್ ಬಾಗಿ ಸೆನ್ಸರ್ ಮ್ಯಾಗ್ನೆಟ್‌ನಿಂದ ದೂರ ಸರಿಯಬಹುದು. ಚಕ್ರ ತಿರುಗಿಸಿ ಮ್ಯಾಗ್ನೆಟ್ಟನ್ನು ಸೆನ್ಸರ್ ಎದುರಿಗೆ ತನ್ನಿ. ಎರಡರ ನಡುವೆ ಕೆಲವೇ ಮಿ.ಮೀ. ಸಂದು ಇರಬೇಕು, ಎರಡೂ ಎದುರುಬದುರು ಇರಬೇಕು. ಸರಿಯಾದ ಅಳತೆ ಮೀಟರಿನ ಕೈಪಿಡಿಯಲ್ಲಿರುತ್ತದೆ. ಮ್ಯಾಗ್ನೆಟ್ ಬಿದ್ದೇ ಹೋಗಿದೆಯಾ ಅಂತಲೂ ನೋಡಿ, ಕೆಸರಿನಲ್ಲಿ ಅದು ಗೊತ್ತಾಗುವುದಿಲ್ಲ.

ಎರಡು ವೈರಿನ ಸೆನ್ಸರ್ ಆಗಿದ್ದರೆ ಸಾಮಾನ್ಯವಾಗಿ ಅದು ರೀಡ್ ಸ್ವಿಚ್, ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್ಚು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎರಡು ವೈರಿಗೆ ಹಿಡಿದು ಚಕ್ರ ನಿಧಾನವಾಗಿ ತಿರುಗಿಸಿ. ಮ್ಯಾಗ್ನೆಟ್ ಹಾದುಹೋದಾಗಲೆಲ್ಲ ಒಂದು ಬೀಪ್ ಬರಬೇಕು. ಬೀಪ್ ನಿಲ್ಲದೆ ಬಂದರೆ ವೈರು ಎಲ್ಲೋ ಒಳಗೆ ಕೂಡಿಕೊಂಡಿದೆ. ಮೂರು ವೈರಿನದ್ದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಮ್ಯಾಗ್ನೆಟ್ ಗುರುತಿಸುವ ಎಲೆಕ್ಟ್ರಾನಿಕ್ ಸೆನ್ಸರ್. ಅದಕ್ಕೆ ಪವರ್ ಬೇಕು, ಹಾಗಾಗಿ ಜೋಡಿಸಿದ ಹಾಗೆಯೇ, ಕೀ ಆನ್ ಮಾಡಿ, ಸಿಗ್ನಲ್ ವೈರಿನ ವೋಲ್ಟ್ ನೋಡಿ. ಮ್ಯಾಗ್ನೆಟ್ ಬಂದಾಗ ಒಂದು ಅಂಕಿ, ಹೋದಾಗ ಇನ್ನೊಂದು. ಎರಡೂ ಹೊತ್ತು ಒಂದೇ ಆಗಿದ್ದರೆ ಸೆನ್ಸರ್ ಅಥವಾ ವೈರು ಕೆಟ್ಟಿದೆ.

ಬೀಪ್ ಬರುತ್ತಿರುವಾಗಲೇ ಯಾರಾದರೂ ಹ್ಯಾಂಡಲ್ ತಿರುಗಿಸಲಿ, ಫೋರ್ಕ್ ಚಾಚಲಿ. ನಿಂತಾಗ ಸರಿ, ಚಾಚಿದಾಗ ಇಲ್ಲ ಅಂದರೆ ವೈರಿನ ಒಳಗೆ ತಂತಿ ತುಂಡಾಗಿದೆ, ಮೇಲಿನ ಕವಚ ಮಾತ್ರ ಹಿಡಿದುಕೊಂಡಿದೆ. ಸೆನ್ಸರ್ ವೈರನ್ನು ಬ್ರೇಕ್ ಹೋಸಿನ ಜೊತೆ ಕಟ್ಟಿ, ಅದು ಹೋದಲ್ಲಿ ಇದೂ ಹೋಗಲಿ. ಕೇಬಲ್ ಟೈ ವೈರನ್ನು ಹಿಡಿಯುವಷ್ಟು ಇದ್ದರೆ ಸಾಕು, ಕವಚ ನುಲಿಯುವಷ್ಟು ಎಳೆಯಬೇಡಿ.

ನಿಂತ ಬೈಕಿನಲ್ಲಿ ವೇಗ

ಎಂಜಿನ್ ಆರಿಸಿ ಚಕ್ರ ಕೈಯಲ್ಲಿ ತಿರುಗಿಸಿದರೆ ಸರಿಯಾದ ವೇಗ, ಎಂಜಿನ್ ಓಡುವಾಗ ನಿಂತಲ್ಲೇ 40, ಒಮ್ಮೆಗೇ 180. ಇದು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಸೆನ್ಸರ್ ವೈರಿಗೆ ನುಗ್ಗುವ ವಿದ್ಯುತ್ ಗದ್ದಲ. ಹೊಸ ದಾರಿಯಲ್ಲಿ ವೈರು ಎಳೆಯುವಾಗ ಸೆನ್ಸರ್ ವೈರು ಪ್ಲಗ್ ವೈರಿನ ಪಕ್ಕದಲ್ಲೇ ಹೋಗಿರುತ್ತದೆ. ದೂರ ಸರಿಸಿ. ದಾಟಲೇಬೇಕಿದ್ದರೆ ಅಡ್ಡಲಾಗಿ ದಾಟಲಿ, ಉದ್ದಕ್ಕೂ ಜೊತೆಯಾಗಿ ಹೋಗದಿರಲಿ. ಪ್ಲಗ್ ಯಾವುದು ಅಂತಲೂ ನೋಡಿ. ಎನ್‌ಜಿಕೆ ಪ್ಲಗ್ಗಿನಲ್ಲಿ ಈ ಗದ್ದಲ ತಗ್ಗಿಸುವ ರೆಸಿಸ್ಟರ್ ಇದ್ದರೆ ಹೆಸರಲ್ಲಿ ಆರ್ ಇರುತ್ತದೆ: ಬಿ8ಇಎಸ್‌ನಲ್ಲಿ ಇಲ್ಲ, ಬಿಆರ್8ಇಎಸ್‌ನಲ್ಲಿ ಇದೆ. ಡಿಜಿಟಲ್ ಮೀಟರ್ ಇರುವ ಬೈಕಿಗೆ ರೆಸಿಸ್ಟರ್ ಪ್ಲಗ್ಗೇ ಸರಿ.

ಆರ್‌ಪಿಎಂ ಹುಚ್ಚುಹುಚ್ಚಾಗಿ ಕುಣಿದರೆ ಪ್ಲಗ್ ವೈರಿಗೆ ಸುತ್ತುವ ಪಿಕಪ್ ವೈರಿನ ಸುತ್ತು ಎಣಿಸಿ. ಕೈಪಿಡಿ ಹೇಳಿದ್ದಕ್ಕಿಂತ ಜಾಸ್ತಿ ಸುತ್ತಿದರೆ ಗದ್ದಲ, ಕಡಿಮೆ ಸುತ್ತಿದರೆ ಅಂಕಿಯೇ ಬರದು.

ವೇಗ ಬರುತ್ತದೆ, ತಪ್ಪು ಬರುತ್ತದೆ

ಬ್ಯಾಟರಿ ಕಳಚಿ ಹಾಕಿದ ಮೇಲೆ ಕೆಲವು ಮೀಟರುಗಳು ಚಕ್ರದ ಅಳತೆ ಮರೆಯುತ್ತವೆ. ಫೋನಿನ ಜಿಪಿಎಸ್ ಜೊತೆ ಹೋಲಿಸಿ. ಜಿಪಿಎಸ್ 50 ಅಂದಾಗ ಮೀಟರ್ 31 ತೋರಿಸಿದರೆ ಮೀಟರ್ ಮೈಲಿಗೆ ಹೋಗಿದೆ, ಒಂದು ಮೈಲಿ 1.609 ಕಿ.ಮೀ. ಬೇರೆ ಯಾವುದೋ ಅನುಪಾತದಲ್ಲಿ ತಪ್ಪಿದರೆ ಚಕ್ರದ ಸುತ್ತಳತೆ. ಡರ್ಟ್ ಬೈಕಿನ ಸಾಮಾನ್ಯ ಮುಂದಿನ ಟೈರು 80/100-21ಕ್ಕೆ ಲೆಕ್ಕ ಹಾಕಿದರೆ ಸುಮಾರು 2,180 ಮಿ.ಮೀ. ಬರುತ್ತದೆ. ಆದರೆ ಗುಬುಟು ಟೈರುಗಳ ಎತ್ತರ ಒಂದೊಂದು ಕಂಪನಿಗೆ ಒಂದೊಂದು, ಸವಾರ ಕೂತರೆ ಟೈರು ತುಸು ಕುಗ್ಗುತ್ತದೆ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಸವಾರ ಕೂತು, ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೆಯುವುದೇ ನಂಬಿಕೆಯ ದಾರಿ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ಮೀಟರನ್ನು ಬಿಚ್ಚಿ ಮೇಜಿನ ಮೇಲೆ, ಫ್ಯೂಸ್ ಇರುವ ವೈರಿನಲ್ಲಿ ನೇರವಾಗಿ 12 ವೋಲ್ಟ್ ಬ್ಯಾಟರಿಗೆ ಹಿಡಿದು ನೋಡಿ. ಸೆನ್ಸರನ್ನೂ ಜೋಡಿಸಿ, ಅದರ ಮುಂದೆ ಒಂದು ಮ್ಯಾಗ್ನೆಟ್ ಬೀಸಿ. ಅಲ್ಲಿ ಸರಿಯಾಗಿ ಕೆಲಸ ಮಾಡಿದರೆ ದೋಷ ಇನ್ನೂ ಬೈಕಿನಲ್ಲೇ ಇದೆ, ಮತ್ತೆ ಅರ್ಥ್‌ನಿಂದ ಶುರು ಮಾಡಿ. ಅಲ್ಲೂ ಕೆಲಸ ಮಾಡದಿದ್ದರೆ ಮಾತ್ರ ಹೊಸ ಮೀಟರ್ ತರಿಸಿ. ಸ್ಕ್ರೀನ್ ಒಮ್ಮೆಯಾದರೂ ಬೆಳಗಿದರೆ ಆಗಲೇ ಅವರ್ ಮೀಟರಿನ ಗಂಟೆ ಮತ್ತು ಒಟ್ಟು ಕಿ.ಮೀ. ಬರೆದಿಟ್ಟುಕೊಳ್ಳಿ. ಡರ್ಟ್ ಬೈಕಿನ ಆಯಿಲ್, ವಾಲ್ವ್, ಪಿಸ್ಟನ್ ಎಲ್ಲ ಗಂಟೆ ಲೆಕ್ಕದಲ್ಲೇ ಬದಲಾಗುವುದು, ಹೊಸ ಮೀಟರ್ ಸೊನ್ನೆಯಿಂದ ಎಣಿಸುತ್ತದೆ.